ಬಾವಿ ವಾಪಸು ಕೊಡದ ಸ್ವರ

ನಗುವವರು ಈಗಲೇ ನಕ್ಕು ಮುಗಿಸಿ. ನಡುವೆ ನಕ್ಕರೆ ನಾನು ಎದ್ದು ಹೋಗಿ ಮಲಗುತ್ತೇನೆ, ಮಿಕ್ಕದ್ದನ್ನು ನೀವೇ ಕಟ್ಟಿಕೊಳ್ಳಿ.

ಇದು ಆದದ್ದು ನಮ್ಮ ಅಕ್ಕನಿಗೆ. ದೊಡ್ಡಪ್ಪನ ಮಗಳು. ನೀವೆಲ್ಲ ನೋಡಿದ್ದೀರಿ, ಪಿಸುಪಿಸು ಅಂತ ಮಾತಾಡುತ್ತಾಳಲ್ಲ, ಅವಳೇ. ಹುಟ್ಟಿದಾಗಿನಿಂದ ಹಾಗೇ ಅಂತ ನಿಮ್ಮ ಲೆಕ್ಕ. ಅಲ್ಲ… ಅವಳು ಹಿತ್ತಲಲ್ಲಿ ಬಟ್ಟೆ ಹರವುತ್ತಾ ಹಾಡಿದರೆ ಪಕ್ಕದ ಮನೆಯವರು ರೇಡಿಯೋ ಆರಿಸುತ್ತಿದ್ದರು. ಅಂಥ ಗಂಟಲು.

ಅವಳು ಹೈಸ್ಕೂಲಿನಲ್ಲಿ ಸಂಗೀತದ ಟೀಚರ್ ಆಗಿದ್ದಳು. ಅವತ್ತು ಮಕ್ಕಳ ನಾಟಕದ ತಾಲೀಮು ಮುಗಿಸಿ, ಹಾಲ್‌ಗೆ ಬೀಗ ಹಾಕಿ ಹೊರಟಾಗ ಚೆನ್ನಾಗಿ ಕತ್ತಲಾಗಿತ್ತು. ಹಾಲ್ ಇದ್ದದ್ದು ಶಾಲೆಯ ಹಿಂಭಾಗದಲ್ಲಿ. ಅದರ ಬೆನ್ನಿಗೇ ಒಂದು ಹಳೇ ಬಾವಿ. ಸೇದುವವರಿಲ್ಲ, ರಾಟೆ ಇಲ್ಲ. ಒಂದು ಕಡೆ ಕಟ್ಟೆ ಕುಸಿದು ಇಟ್ಟಿಗೆಗಳು ಅಲ್ಲಾಡುತ್ತಿದ್ದವು. ಗೇಟಿಗೆ ಹೋಗಬೇಕಾದರೆ ಅದರ ಪಕ್ಕದಲ್ಲೇ ದಾರಿ.

ಇಲ್ಲಿ ಅಕ್ಕನ ಒಂದು ಅಭ್ಯಾಸ ಹೇಳಬೇಕು. ದಿನಾ ಮನೆಗೆ ಹೊರಡುವಾಗ ಅವಳು ಬಾವಿಗೆ ಬಗ್ಗಿ ಒಂದು ಸ್ವರ ಹಿಡಿಯುತ್ತಿದ್ದಳು. “ಆ…” ಅಂತ, ಉದ್ದಕ್ಕೆ. ಬಾವಿ ಅದನ್ನು ಗುಂಡಗೆ ಮಾಡಿ ಮೇಲೆ ಕಳಿಸುತ್ತಿತ್ತು. ಹಾಡುವವರಿಗೆ ತಮ್ಮ ಧ್ವನಿ ತಮಗೇ ಸರಿಯಾಗಿ ಕೇಳಿಸುವುದಿಲ್ಲವಂತೆ. ಶ್ರುತಿ ಒಂದು ಕೂದಲೆಳೆ ಇಳಿದಿದ್ದರೂ ಬಾವಿ ಹೇಳಿಬಿಡುತ್ತಿತ್ತು. “ಮುಖಕ್ಕೆ ಕನ್ನಡಿ ಇದ್ದ ಹಾಗೆ ಕಣೇ ಇದು, ಗಂಟಲಿಗೆ” ಅನ್ನುತ್ತಿದ್ದಳು ನನಗೆ.

ಅವತ್ತೂ ಬಗ್ಗಿದಳು. ಸ್ವರ ಹಿಡಿದಳು. ಬಿಟ್ಟಳು.

ಏನೂ ಬರಲಿಲ್ಲ.

ಗಾಳಿ ಇರಬಹುದು ಅಂದುಕೊಂಡಳು. ಗಾಳಿ ಇರಲಿಲ್ಲ. ಇನ್ನಷ್ಟು ಬಗ್ಗಿ, ಇದ್ದಬದ್ದ ಉಸಿರೆಲ್ಲ ಹಾಕಿ ಮತ್ತೆ ಹಾಡಿದಳು… ಆ ಸದ್ದು ಕೆಳಗೆ ಹೋಯಿತು, ಹೋಗುತ್ತಲೇ ಇತ್ತು, ತಿರುಗಿ ಬರಲಿಲ್ಲ. ಕಪ್ಪೆ ವಟಗುಟ್ಟಲಿಲ್ಲ. ಒಂದು ಹನಿ ತೊಟ್ಟಿಕ್ಕಲಿಲ್ಲ. ಅಕ್ಕ ಬೆನ್ನು ನೆಟ್ಟಗೆ ಮಾಡಿ, ಬ್ಯಾಗು ಹೆಗಲಿಗೇರಿಸಿದಳು. ಆಗ ಕೆಳಗಿನಿಂದ ಒಂದು ಸಣ್ಣ ಸದ್ದು.

ಗುಟುಕ್.

ಬಾಯಾರಿದವರು ಒಂದು ಗುಟುಕು ನೀರು ನುಂಗುತ್ತಾರಲ್ಲ, ಅಷ್ಟೇ ಸದ್ದು. ಅಕ್ಕ ಓಡಲಿಲ್ಲ. ಓಡಿದರೆ ಹೆದರಿಕೆ ಮೈಮೇಲೆ ಬರುತ್ತದೆ ಅಂತ ಬಿರಬಿರನೆ ನಡೆದು ಗೇಟು ದಾಟಿದಳಂತೆ.

ಬೆಳಗ್ಗೆ ಎದ್ದು ಹಾಲಿನವನನ್ನು ಕರೆಯೋಣ ಅಂತ ಬಾಯಿ ತೆರೆದರೆ ಧ್ವನಿಯೇ ಇಲ್ಲ. ನೆಗಡಿಯಾಗಿ ಗಂಟಲು ಕಟ್ಟಿದರೆ ಗೊಗ್ಗರು ಸದ್ದಾದರೂ ಬರುತ್ತದೆ. ಇದು ಹಾಗಲ್ಲ. ಬರೀ ಗಾಳಿ. ಡಾಕ್ಟರು ಟಾರ್ಚು ಹಾಕಿ ನೋಡಿ, “ಒಳಗೆಲ್ಲ ಚೆನ್ನಾಗೇ ಇದೆಯಲ್ಲಮ್ಮ” ಅಂದರು. ಮಾತಾಡದೆ ಸುಮ್ಮನಿರಿ, ತಾನಾಗಿ ಬರುತ್ತೆ ಅಂದರು. ಅಕ್ಕ ಒಂದು ಸ್ಲೇಟು, ಬಳಪ ಇಟ್ಟುಕೊಂಡಳು.

ಅವಳ ಹಣೆಬರಹ ನೋಡಿ, ಧ್ವನಿ ಹೋಗಬಾರದ ಹೊತ್ತಿಗೇ ಹೋಗಿತ್ತು. ಅದರ ಹಿಂದಿನ ದಿನವೇ ಹೆಡ್ ಮೇಡಂ ಅವಳನ್ನೂ ಡ್ರಾಯಿಂಗ್ ಮೇಷ್ಟ್ರನ್ನೂ ಕೂರಿಸಿಕೊಂಡು ಮಾತು ಮುಗಿಸಿದ್ದರು. ಆ ಹಾಲ್ ಒಂದರಲ್ಲೇ ಮೂರು ವಿದ್ಯೆ ನಡೆಯುತ್ತಿತ್ತು. ಒಂದು ಮೂಲೆಯಲ್ಲಿ ಬಣ್ಣದ ಡಬ್ಬಿ, ದಾರಕ್ಕೆ ಕ್ಲಿಪ್ಪು ಹಾಕಿ ಒಣಗಬಿಟ್ಟ ಚಿತ್ರಗಳು. ಎದುರಿಗೆ ಮರದ ವೇದಿಕೆ. ವೇದಿಕೆಯ ಮುಂದೆ, ಕೆಳಗೆ, ಕಾಲಲ್ಲಿ ತುಳಿಯುವ ಹಳೇ ಹಾರ್ಮೋನಿಯಂ, ತುಳಿದರೆ ಕಿರ್ರ್… ಬಿಟ್ಟರೆ ಫುಸ್. ಹೆಡ್ ಮೇಡಂ ಅಂದದ್ದು ಇಷ್ಟು: “ಆಡಳಿತ ಮಂಡಳಿಯವರು ಆ ಜಾಗ ಪರೀಕ್ಷೆ ಕೋಚಿಂಗ್‌ಗೆ ಕೇಳ್ತಿದ್ದಾರೆ. ಈ ಸಲದ ನಾಟಕಕ್ಕೆ ಬಂದು ಕೂರ್ತಾರೆ. ಮೆಚ್ಚಿದ್ರೆ ಉಳೀತು. ಮಧ್ಯ ಎಲ್ಲಾದ್ರೂ ಎಡವಿದ್ರೋ, ನನ್ನನ್ನ ಕೇಳ್ಬೇಡಿ.”

ಹೋದರೆ ಹೋಗಲಿ ಅನ್ನಬಹುದಿತ್ತು. ಆದರೆ ಗುಬ್ಬಿ ಇದ್ದಳಲ್ಲ.

ಗುಬ್ಬಿ ಅಂದರೆ ಒಂಬತ್ತನೇ ಕ್ಲಾಸಿನ ಹುಡುಗಿ, ಬಟ್ಟೆ ಹೊಲಿಯುವಾಕೆಯ ಮಗಳು. ಸಣ್ಣ ಮೈ, ಸಣ್ಣ ಧ್ವನಿ, ಅದಕ್ಕೇ ಆ ಅಡ್ಡಹೆಸರು. ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದಳು, ಅಷ್ಟೇ. ಲೆಕ್ಕದ ಮೇಷ್ಟ್ರು ಅವಳನ್ನು ನಿಜವಾಗಿಯೂ ಮೂಗಿ ಅಂತ ತಿಳಿದಿದ್ದರಂತೆ. ಅಂಥವಳು ಆ ಹಾಲ್‌ಗೆ ಬಂದರೆ ಮಾತಾಡುತ್ತಿದ್ದಳು. ತನ್ನ ಮಾತಲ್ಲ, ನಾಟಕದ ಮಾತು. ಆದರೂ ಮಾತೇ ತಾನೆ? ಅಕ್ಕ ಅವಳಿಗೆ ಮುಖ್ಯ ಪಾತ್ರವನ್ನೇ ಕೊಟ್ಟಿದ್ದಳು. ಹಾಲ್ ಮುಚ್ಚಿದರೆ ಈ ಹುಡುಗಿಯ ಬಾಯಿ ಮತ್ತೆ ಮುಚ್ಚಿತು ಅಂತಲೇ ಅವಳ ಭಯ.

ನಾಟಕ ಒಂದು ಊರಿನದು. ಊರಿನ ದೀಪಗಳೆಲ್ಲ ಒಂದೊಂದಾಗಿ ಆರುತ್ತವೆ. ದೀಪ ಹಚ್ಚುವ ಹುಡುಗಿ ಎಲ್ಲರ ಮನೆ ಬೆಳಗಿಸಿ, ಕೊನೆಗೆ ತಾನೊಬ್ಬಳೇ ಲಾಟೀನು ಹಿಡಿದು ಊರಾಚೆಯ ಕತ್ತಲೆಗೆ ಹೋಗುತ್ತಾಳೆ. ಅವಳು ಪರದೆ ಹಿಂದೆ ಹೋದ ಕೂಡಲೇ ಹಾಲ್‌ನ ದೀಪವೆಲ್ಲ ಆರಬೇಕು. ಆ ಕತ್ತಲಲ್ಲಿ ಅಕ್ಕ ಹಾರ್ಮೋನಿಯಂ ನುಡಿಸುತ್ತಾ ಒಂದು ಹಾಡು ಹಾಡಬೇಕು. ಈಗ ಹಾಡುವ ಮಾತೆಲ್ಲಿ, ಬರೀ ನುಡಿಸುವುದು ಅಂತಾಯಿತು.

ಇನ್ನೊಂದು ಸಂಗತಿ ಮರೆಯಬೇಡಿ. ಮಕ್ಕಳಿಗೆ ಅಕ್ಕ ಹಾಕಿದ್ದ ಒಂದು ಕಟ್ಟಳೆ. ಮಾತು ಮರೆತಾಗ ಪಕ್ಕದ ಪರದೆ ಮರೆಯಿಂದ ಅವಳೇ ಪ್ರಾಂಪ್ಟ್ ಮಾಡುತ್ತಿದ್ದಳು, ಮೆಲ್ಲಗೆ ಎತ್ತಿ ಕೊಡುತ್ತಿದ್ದಳು. ಆಗ ಮಕ್ಕಳು ಆ ಕಡೆ ತಿರುಗಿ ನೋಡಿದರೆ ಜನ ನಗುತ್ತಾರಲ್ಲ? ಅದಕ್ಕೇ, “ಕಿವಿಗೆ ಏನು ಬೀಳುತ್ತೋ ಅದನ್ನ ಮಾಡಿ. ಯಾರು ಹೇಳಿದ್ರು ಅಂತ ತಿರುಗಿ ನೋಡಿದ್ರೆ ಕಿವಿ ಹಿಂಡ್ತೀನಿ” ಅಂತ ವರ್ಷಗಟ್ಟಲೆ ಹೇಳಿ ಹೇಳಿ ಅವರಿಗೆ ಅದು ರಕ್ತಕ್ಕೇ ಇಳಿದಿತ್ತು.

ಧ್ವನಿ ಹೋದ ಮೇಲೆ ಪ್ರಾಂಪ್ಟ್ ಮಾಡುವ ಕೆಲಸ ಡ್ರಾಯಿಂಗ್ ಮೇಷ್ಟ್ರ ಕುತ್ತಿಗೆಗೆ ಬಂತು. ಅವರೋ, ಕುಂಚ ಹಿಡಿದರೆ ಹೊತ್ತು ಗೊತ್ತಿಲ್ಲದ ಮನುಷ್ಯ. ನಾಟಕದ ಪುಸ್ತಕದ ಅಂಚಿನಲ್ಲೆಲ್ಲ ಹೆಡ್ ಮೇಡಂ ಮೂಗಿನ ಚಿತ್ರ ಬರೆಯುತ್ತಾ ಕೂರುತ್ತಿದ್ದರು. ಆದರೆ ತಾಲೀಮು ನಡೆದರೆ… ಒಂದು ಮಗುವೂ ತಡವರಿಸಲಿಲ್ಲ. ಬಾಯಿ ಅರ್ಧ ತೆರೆದು ನಿಂತವನು, ಇನ್ನೇನು ಮರೆತ ಅನ್ನುವಷ್ಟರಲ್ಲಿ, ತಲೆಯನ್ನು ಸ್ವಲ್ಪ ವಾಲಿಸುತ್ತಿದ್ದ. ಆಮೇಲೆ ಸರಾಗವಾಗಿ ಹೇಳಿಬಿಡುತ್ತಿದ್ದ.

ಅಕ್ಕ ಖುಷಿಯಾಗಿ ಸ್ಲೇಟಿನ ಮೇಲೆ ಬರೆದು ಮೇಷ್ಟ್ರಿಗೆ ತೋರಿಸಿದಳು. ಚೆನ್ನಾಗಿ ಎತ್ತಿಕೊಡ್ತಿದ್ದೀರಿ, ಥ್ಯಾಂಕ್ಸ್.

ಮೇಷ್ಟ್ರು ಕನ್ನಡಕದ ಮೇಲಿನಿಂದ ನೋಡಿದರು. “ತಮಾಷೆ ಮಾಡ್ತೀರಾ? ನಾನೆಲ್ಲಿ ಬಾಯಿ ಬಿಟ್ಟೆ. ನೀವೇ ಹೇಳ್ಕೊಡ್ತಿದ್ರಲ್ಲ, ಆ ಕಡೆ ಪರದೆಯಿಂದ.”

ಅಕ್ಕ ಇಡೀ ಹೊತ್ತು ಹಾರ್ಮೋನಿಯಂ ಹತ್ತಿರ ಕೂತಿದ್ದಳು.

“ಗಂಟಲು ಸರಿಯಾಯ್ತು, ಆದ್ರೂ ಸ್ಲೇಟು ಬಿಡಲ್ಲ ಅಂತೀರಾ” ಅಂದು ಮೇಷ್ಟ್ರು ಕುಂಚ ತೊಳೆಯಲು ಹೋದರು. ಅವಳು ಎದ್ದು ಹೋಗಿ ಆ ಪಕ್ಕದ ಪರದೆ ಸರಿಸಿ ನೋಡಿದಳು. ಯಾರೂ ಇಲ್ಲ. ಹಲಗೆಯ ಮೇಲೆ ಒಂದು ಕಡೆ ನೀರು ನಿಂತಿತ್ತು. ಹೆಂಚು ಸೋರಿತೇ ಅಂದರೆ ಮಳೆಗಾಲವಲ್ಲ.

ಮಾರನೆಯ ದಿನ ಕೊನೆಯ ತಾಲೀಮು. ಗುಬ್ಬಿ ಲಾಟೀನು ಹಿಡಿದು ಪರದೆ ಹಿಂದೆ ಹೋದಳು, ದೀಪ ಆರಿತು, ಅಕ್ಕ ನುಡಿಸಿ ಮುಗಿಸಿದಳು, ದೀಪ ಹತ್ತಿತು. ಎಲ್ಲ ಮಕ್ಕಳೂ ಬಂದು ಸಾಲಾಗಿ ನಿಂತರು. ಗುಬ್ಬಿ ಇಲ್ಲ. ಪರದೆಯ ಹಿಂದೆ, ಹೊರಗೆ ಹೋಗುವ ಬಾಗಿಲು ತೆರೆದುಕೊಂಡಿತ್ತು. ಅಕ್ಕ ಹೊರಗೆ ಬಂದರೆ ಹುಡುಗಿ ಬಾವಿಯ ಹತ್ತಿರ ಸುಮ್ಮನೆ ನಿಂತಿದ್ದಾಳೆ.

ಅಕ್ಕ ಕೈ ಹಿಡಿದು ಎಳೆದುಕೊಂಡಳು. ಗುಬ್ಬಿಗೆ ಆಶ್ಚರ್ಯ.

“ನೀವೇ ಕರೆದ್ರಲ್ಲ ಮಿಸ್,” ಅಂದಳು ಮೆಲ್ಲಗೆ. “ಹಾಡು ಮುಗಿಯೋವರ್ಗೂ ಇಲ್ಲೇ ನಿಂತ್ಕೋ ಅಂದ್ರಿ… ಆಮೇಲೆ ಹೇಳ್ತೀನಿ ಅಂದ್ರಿ.”

ಅಕ್ಕ ಅವಳನ್ನು ಒಳಗೆ ಕರೆತಂದಳು. ಸ್ಲೇಟಿನಲ್ಲಿ ಬರೆದಳು, ನಾಳೆ ನೀನು ಬೇಡ. ಬೇರೆಯವರು ಮಾಡಲಿ.

ಗುಬ್ಬಿ ಅದನ್ನು ಓದಿದಳು. ಅಳಲಿಲ್ಲ, ಹಟ ಮಾಡಲಿಲ್ಲ. “ಅಮ್ಮ ಅಂಗಡಿ ಬಾಗಿಲು ಹಾಕ್ಕೊಂಡು ಬರ್ತೀನಿ ಅಂದಿದ್ಲು, ನಾನು ಮಾತಾಡೋದು ಕೇಳಕ್ಕೆ” ಅಂದಳು, ಅಷ್ಟೇ. ಅಕ್ಕ ಸೆರಗಿನಿಂದ ಸ್ಲೇಟಿನ ಮೇಲಿನ ಮಾತುಗಳನ್ನು ಒರೆಸಿಬಿಟ್ಟಳು. ಕರುಳು ಕೇಳಲಿಲ್ಲ ನೋಡಿ. ಬೇರೆಯದು ಬರೆದಳು. ಹಿಂದಿನ ಬಾಗಿಲ ಕಡೆ ಹೋಗಬೇಡ. ಯಾರು ಕರೆದರೂ ಹೋಗಬೇಡ. ಗುಬ್ಬಿ ತಲೆಯಾಡಿಸಿದಳು. ಅಕ್ಕ ಜವಾನನಿಗೆ ಬರೆದು ತೋರಿಸಿ ಆ ಬಾಗಿಲಿಗೆ ಒಳಗಿನಿಂದ ದೊಡ್ಡ ಬೀಗ ಹಾಕಿಸಿದಳು. ಬೀಗದ ಕೈ ತನ್ನ ಹತ್ತಿರವೇ ಇಟ್ಟುಕೊಂಡಳು.

ನಾಟಕದ ಸಂಜೆ. ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಆಡಳಿತ ಮಂಡಳಿ, ಕೈ ಕಟ್ಟಿಕೊಂಡು. ಅವರ ಪಕ್ಕ ಹೆಡ್ ಮೇಡಂ. ಹಿಂದೆಲ್ಲೋ ಗುಬ್ಬಿಯ ತಾಯಿ, ಕುತ್ತಿಗೆಯಲ್ಲಿದ್ದ ಅಳತೆ ಟೇಪು ತೆಗೆಯುವುದನ್ನೇ ಮರೆತು ಬಂದಿದ್ದಳು. ಮಕ್ಕಳು ಬರೆದ ಊರಿನ ಪರದೆಯೇ ನೋಡುವಂತಿತ್ತು. ಒಂದೊಂದು ಕಿಟಕಿಯೂ ಒಂದೊಂದು ಮಗುವಿನ ಕೈ. ಗುಬ್ಬಿ ಬಂದು ಮೊದಲ ಮಾತು ಆಡಿದಾಗ ಲೆಕ್ಕದ ಮೇಷ್ಟ್ರು ಕೂತಲ್ಲೇ ನೆಟ್ಟಗಾದರಂತೆ. ತಾಯಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಯಾರೂ ಒಂದು ಮಾತು ತಪ್ಪಲಿಲ್ಲ. ಅಕ್ಕ ಮಾತ್ರ ಪ್ರತಿ ಸಲ ಒಂದು ತಲೆ ವಾಲಿದಾಗಲೂ ಆ ಪಕ್ಕದ ಪರದೆ ಕಡೆ ನೋಡುತ್ತಿದ್ದಳು.

ಕೊನೆಯ ದೃಶ್ಯ. ಗುಬ್ಬಿ ಲಾಟೀನು ಎತ್ತಿಕೊಂಡು ಪರದೆ ಹಿಂದೆ ಹೋದಳು. ದೀಪ ಆರಿತು. ಕಣ್ಣೆದುರಿಗೆ ಕೈ ತಂದುಕೊಂಡರೂ ಕಾಣದ ಕತ್ತಲು. ಅಕ್ಕ ತುಳಿಯಲು ಶುರು ಮಾಡಿದಳು. ಕಿರ್ರ್… ಫುಸ್. ಕಿರ್ರ್… ಫುಸ್. ಹಾಡಿನ ಮೊದಲ ಸಾಲು ನುಡಿಸಿದಳು. ಬೀಗದ ಕೈ ಹಾರ್ಮೋನಿಯಂ ಮೇಲೆ, ಅವಳ ಕಣ್ಣೆದುರಿಗೇ ಇಟ್ಟಿದ್ದಳು. ಮುಟ್ಟಿ ನೋಡಿದಳು. ಇತ್ತು.

ಆಗ ಪರದೆಯ ಹಿಂದಿನಿಂದ…

ಟಕ್.

ಬೀಗ ಬಿಚ್ಚಿದ ಸದ್ದು. ಆಮೇಲೆ ಅಗುಳಿ ಜರುಗಿದ ಸದ್ದು, ಸರ್ರ್… ಆಮೇಲೆ ಕಾಲಿಗೆ ತಣ್ಣನೆಯ ಗಾಳಿ. ಆ ಗಾಳಿಯಲ್ಲಿ ತನ್ನದೇ ಧ್ವನಿ.

“ಬಾ ಗುಬ್ಬಿ… ತಿರುಗ್ಬೇಡ… ಹಾಗೇ ಹಿಂದಕ್ಕೆ ಬಾ.”

ಈಗ ನೀವೇ ಹೇಳಿ. ಅವಳು ಕಾಲು ತೆಗೆದರೆ ಹಾರ್ಮೋನಿಯಂ ನಿಲ್ಲುತ್ತದೆ. ಕತ್ತಲಲ್ಲಿ ಮಂಡಳಿಯವರು ಗಂಟಲು ಸರಿಮಾಡಿಕೊಳ್ಳುತ್ತಾರೆ, ಯಾರೋ ನಗುತ್ತಾರೆ, ದೀಪ ಹಾಕಿ ಅನ್ನುತ್ತಾರೆ. ಅಲ್ಲಿಗೆ ಹಾಲ್ ಹೋಯಿತು, ಹಾಡು ಹೋಯಿತು, ಬಣ್ಣದ ಡಬ್ಬಿ ಹೋಯಿತು. ಅಕ್ಕನಿಗೆ ಅದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಎದ್ದಳು. ಹಾಡು ಅರ್ಧಕ್ಕೇ ಕಡಿಯಿತು. ಕತ್ತಲಲ್ಲಿ ವೇದಿಕೆ ಹತ್ತಿ, ಮಕ್ಕಳ ಪರದೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಂದೆ ನುಗ್ಗಿದಳು.

ಹೊರಗೆ ಲಾಟೀನಿನ ಬೆಳಕು. ಗುಬ್ಬಿ ಬಾವಿಗೆ ಬೆನ್ನು ಹಾಕಿ, ಅಕ್ಕನಿಗೆ ಮುಖ ಮಾಡಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದಾಳೆ. ಕಟ್ಟೆ ಕುಸಿದ ಕಡೆಗೆ. ಮುಖದಲ್ಲಿ ಭಯ ಇಲ್ಲ. ಪಾಠ ಕೇಳುವ ಮಗುವಿನ ಮುಖ.

ಅಕ್ಕ ಇಡೀ ಬಾಯಿ ತೆರೆದು ಬೇಡ ಅಂತ ಕೂಗಿದಳು.

ಸದ್ದು ಹೊರಟಿತು. ಆದರೆ ಅವಳ ಗಂಟಲಿನಿಂದಲ್ಲ. “ಹಾಂ, ಹಾಗೇ… ಇನ್ನೊಂದು ಹೆಜ್ಜೆ” ಅಂದಿತು ಬಾವಿ, ಅವಳ ಧ್ವನಿಯಲ್ಲಿ. ಗುಬ್ಬಿ ನೋಡಿದ್ದು ಮಿಸ್ಸಿನ ಬಾಯಿ ಆಡಿದ್ದನ್ನು, ಕೇಳಿದ್ದು ಮಿಸ್ಸಿನ ಧ್ವನಿಯನ್ನು. ನಕ್ಕು ಇನ್ನೊಂದು ಹೆಜ್ಜೆ ಹಿಂದಿಟ್ಟಳು. ಹಿಮ್ಮಡಿ ಸಡಿಲ ಇಟ್ಟಿಗೆಗೆ ತಾಗಿತು, ಕಡಕ್.

ಓಡಿದರೆ ಹುಡುಗಿ ಬೆಚ್ಚಿ ಬೀಳುತ್ತಾಳೆ. ಕೂಗಿದರೆ ಅದು ಕರೆಯುತ್ತದೆ. ಅಕ್ಕ ಅಲ್ಲೇ ನಿಂತಳು. ಎರಡೂ ಕೈ ಎತ್ತಿ ತನ್ನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡಳು.

“ಬಾ ಮಗು,” ಅಂದಿತು ಆ ಧ್ವನಿ. “ಇನ್ನೊಂದೇ.”

ಗುಬ್ಬಿಯ ಕಾಲು ನಿಂತಿತು. ಮಿಸ್ಸಿನ ಬಾಯಿ ಮುಚ್ಚಿದೆ. ಧ್ವನಿ ಬರುತ್ತಿದೆ. ಆ ಮಗುವಿನ ಮುಖ ಬದಲಾದದ್ದನ್ನು ಅಕ್ಕ ಸಾಯುವವರೆಗೂ ಮರೆಯುವುದಿಲ್ಲವಂತೆ. ಗುಬ್ಬಿ ಕಟ್ಟಳೆ ಮುರಿದು, ಮೆಲ್ಲಗೆ ತಲೆಯನ್ನು ಹಿಂದಕ್ಕೆ ತಿರುಗಿಸಿದಳು… ಅಷ್ಟರಲ್ಲಿ ಅಕ್ಕ ಹಾರಿ ಅವಳನ್ನು ಬಾಚಿ ತಬ್ಬಿಕೊಂಡಳು. ಇಟ್ಟಿಗೆ ಜಾರಿತು. ಲಾಟೀನು ಅದರ ಹಿಂದೆಯೇ ಬಿತ್ತು. ಇಬ್ಬರೂ ನೆಲದ ಮೇಲೆ ಕೂತು ಕಾದರು. ಕೆಳಗೆ ನೀರಿಗೆ ಬಿದ್ದ ಸದ್ದು ಬರಲೇ ಇಲ್ಲ.

ಬಂದದ್ದು ಬೇರೆ ಸದ್ದು, ಹಾಲ್‌ನ ಒಳಗಿನಿಂದ. ಕಿರ್ರ್… ಫುಸ್. ಕಿರ್ರ್… ಫುಸ್. ಅಕ್ಕ ಎಲ್ಲಿ ಕಡಿದಿದ್ದಳೋ ಅಲ್ಲಿಂದಲೇ ಹಾಡು ಮುಂದುವರಿಯಿತು. ಈ ಸಲ ಬರೀ ಹಾರ್ಮೋನಿಯಂ ಅಲ್ಲ. ಯಾರೋ ಹಾಡುತ್ತಿದ್ದರು. ಅಕ್ಕನ ಹಾಡು, ಅಕ್ಕನ ಧ್ವನಿ, ಆದರೆ ಅವಳಿಗೂ ಬರದಷ್ಟು ಚೆನ್ನಾಗಿ. ನಡುವೆ ಒಮ್ಮೆಯೂ ಉಸಿರು ತೆಗೆದುಕೊಳ್ಳಲಿಲ್ಲ. ಆಮೇಲೆ ಚಪ್ಪಾಳೆ, ಮಾಡು ಹಾರಿಹೋಗುವಷ್ಟು.

ಅಕ್ಕ ಹುಡುಗಿಯನ್ನು ಎತ್ತಿಕೊಂಡೇ ಒಳಗೆ ಬಂದಳು. ದೀಪ ಹತ್ತಿತ್ತು. ಮಂಡಳಿಯವರು ಎದ್ದು ನಿಂತಿದ್ದರು. ಹೆಡ್ ಮೇಡಂ ಕಣ್ಣೊರೆಸಿಕೊಳ್ಳುತ್ತಾ ಬಂದು, “ಗಂಟಲು ಸರಿ ಇಲ್ಲ ಅಂತ ನಮ್ಮನ್ನೆಲ್ಲ ಏಮಾರಿಸಿದ್ರಲ್ಲ! ಇಂಥ ಹಾಡು ಬಿಟ್ಟು ಕೋಚಿಂಗ್ ಕ್ಲಾಸಾ? ಹಾಲ್ ಎಲ್ಲಿಗೂ ಹೋಗಲ್ಲ ಕಣ್ರೀ” ಅಂದರು. ಅಕ್ಕ ಅವರನ್ನು ದಾಟಿ ಹಾರ್ಮೋನಿಯಂ ಹತ್ತಿರ ಹೋದಳು. ಬೀಗದ ಕೈ ಇಟ್ಟಲ್ಲೇ ಇತ್ತು. ತುಳಿಯುವ ಹಲಗೆ ಎರಡೂ ಒದ್ದೆ.

ಅವಳ ಧ್ವನಿ ಆಮೇಲೆ ಬರಲಿಲ್ಲ. ಈ ಪಿಸುಮಾತಿದೆಯಲ್ಲ, ಅದೇ ಉಳಿದದ್ದು. ಬಾವಿಗೆ ಚಪ್ಪಡಿ ಹಾಕಿ ಮುಚ್ಚಿಸಿದರು. ಗುಬ್ಬಿ ಹತ್ತನೇ ಕ್ಲಾಸು ಮುಗಿಸಿ ಹೋಗುವವರೆಗೂ ಅಕ್ಕ ಕಾದಿದ್ದು, ಅವಳು ಹೋದ ದಿನವೇ ಕೆಲಸ ಬಿಟ್ಟಳು. ಗುಬ್ಬಿ ಈಗ ಚೆನ್ನಾಗಿದ್ದಾಳೆ, ವಾಚಾಳಿ ಆಗಿದ್ದಾಳೆ, ಆದರೆ ಯಾರಾದರೂ ಹಿಂದಿನಿಂದ ಕರೆದರೆ ಮೊದಲು ತಿರುಗಿ ನೋಡಿ ಆಮೇಲೆ ಓಗೊಡುತ್ತಾಳೆ.

ಶಾಲೆಯೂ ನಡೆಯುತ್ತಿದೆ. ಈಗಂತೂ ಸಂಗೀತ, ನಾಟಕ, ಚಿತ್ರ ಅಂದರೆ ಆ ಶಾಲೆಯೇ ಅಂತ ಹೆಸರು. ಟೀಚರ್‌ಗಳು ಎಷ್ಟೋ ಜನ ಬದಲಾದರು. ಅಲ್ಲಿನ ನಾಟಕದಲ್ಲಿ ಮಕ್ಕಳು ಮಾತು ಮರೆತದ್ದನ್ನು ನೋಡಿದವರಿಲ್ಲ. ಆ ಹೆಸರು ಕೇಳಿಯೇ ನಾನೂ ನನ್ನ ಮಗಳನ್ನು ಸೇರಿಸಿದ್ದು. ಬೈಯಬೇಡಿ, ನನಗೇನು ಗೊತ್ತಿತ್ತು? ಗಂಟಲ ಕಾಯಿಲೆ ಅಂತಲೇ ನಾವೆಲ್ಲ ತಿಳಿದಿದ್ದು. ಇದನ್ನೆಲ್ಲ ಅಕ್ಕ ಬಾಯಿ ಬಿಟ್ಟದ್ದು ಮೊನ್ನೆ, ನಮ್ಮ ಮನೆಯಲ್ಲಿ ಊಟವಾದ ಮೇಲೆ.

ಮೊನ್ನೆ ಅಕ್ಕ ಬಂದಿದ್ದಳು. ಮೂವರೇ ಇದ್ದದ್ದು. ನಾನು ಬಡಿಸುತ್ತಾ ಮಗಳನ್ನು ಕೇಳಿದೆ, “ನಾಟಕ ಹತ್ರ ಬಂತಲ್ಲೇ. ಮಾತೆಲ್ಲ ಬಾಯಿಪಾಠ ಆಯ್ತಾ?”

“ಬೇಕಾಗಿಲ್ಲಮ್ಮ,” ಅಂದಳು. “ಮರೆತ್ರೆ ದೊಡ್ಡಮ್ಮ ಹೇಳ್ಕೊಡ್ತಾರಲ್ಲ.”

ಅವಳ ದೊಡ್ಡಮ್ಮ ಆ ಶಾಲೆಯ ಗೇಟಿನೊಳಗೆ ಕಾಲಿಡದೆ ಇವಳ ವಯಸ್ಸಿಗಿಂತ ಹೆಚ್ಚು ವರ್ಷವಾಗಿದೆ. ನಾನು ಅಕ್ಕನ ಮುಖ ನೋಡಿದೆ. ಅವಳ ಕೈಯಿಂದ ತುತ್ತು ಜಾರಿತು. ಎಂಜಲು ಕೈ ಅನ್ನುವುದನ್ನೂ ನೋಡದೆ ಎರಡೂ ಕೈಯಿಂದ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡಳು. ಕಣ್ಣು ಮಾತ್ರ ನನ್ನ ಮಗಳ ಮೇಲೆ. ನೋಡು… ನನ್ನ ಕಡೆ ನೋಡು, ಅನ್ನುವ ಹಾಗೆ.

ನಾನು ಅಲ್ಲೇ ನಿಂತಿದ್ದೆ, ಕೈಯಲ್ಲಿ ಸೌಟು. ಸುಳ್ಳು ಹೇಳಿ ನನಗೇನಾಗಬೇಕು? ಮನೆಯಲ್ಲಿ ಒಂದು ಸದ್ದಿರಲಿಲ್ಲ, ನನ್ನ ಕಿವಿಗಂತೂ ಏನೂ ಬೀಳಲಿಲ್ಲ. ಮಗಳು ತಟ್ಟೆಯಿಂದ ತಲೆ ಎತ್ತಲಿಲ್ಲ. ಸ್ವಲ್ಪ ಒಂದು ಕಡೆಗೆ ವಾಲಿಸಿದಳು.

“ಹೂಂ ದೊಡ್ಡಮ್ಮ,” ಅಂದಳು. “ಕೇಳಿಸ್ತು.”